ಮಣಿ ಬಂದ ದಿನದ ಕಾರ್ಯಕ್ರಮ ಪಟ್ಟಿ

ಯಾರು ಯಾರ ಬಲಗಡೆ ಕುಳಿತುಕೊಳ್ಳಬೇಕು ಎಂದು ಬರೆದಿಡುವುದು ಮೂವತ್ತು ವರ್ಷ ನನ್ನ ಕೆಲಸವಾಗಿತ್ತು. ದಿಲ್ಲಿಯ ವಿದೇಶಾಂಗ ಇಲಾಖೆಗೆ ಶೀಘ್ರಲಿಪಿಗಾರ್ತಿಯಾಗಿ ಸೇರಿ ಶಿಷ್ಟಾಚಾರ ವಿಭಾಗದಿಂದ ನಿವೃತ್ತಳಾದೆ. ನಡುವೆ ನಾಲ್ಕು ವರ್ಷ ಲಂಡನ್ನಿನ ನಮ್ಮ ಹೈಕಮಿಷನ್ ಕಚೇರಿಯಲ್ಲಿದ್ದೆ. ನಮ್ಮನ್ನು ಆಳಿದವರ ಊರಿನಲ್ಲಿ ಅವರ ಮಂತ್ರಿಗಳನ್ನು ನಮ್ಮ ಊಟದ ಮೇಜಿಗೆ ಕರೆಯುವಾಗ ಯಾವ ಕುರ್ಚಿ ಎಲ್ಲಿರಬೇಕೆಂದು ನಾನು ಅಳತೆಪಟ್ಟಿ ಹಿಡಿದು ನೋಡಿದ್ದುಂಟು. ಕುರ್ಚಿ ಒಂದು ಗೇಣು ಹಿಂದೆ ಸರಿದರೆ ಮರುದಿನ ಕಾಗದ ಬರುತ್ತಿತ್ತು. ಅಲ್ಲಿ ಕೆಲವೊಮ್ಮೆ ದುಭಾಷಿಯ ಕೆಲಸವೂ ನನ್ನ ಪಾಲಿಗೆ ಬೀಳುತ್ತಿತ್ತು. ಮಾತಿನಲ್ಲಿ ಮುಳ್ಳಿದ್ದರೆ ಅದನ್ನು ತೆಗೆದು ಆಚೆಗೆ ದಾಟಿಸಬೇಕು ಎಂದು ನನಗೆ ಕಲಿಸಿದ್ದರು. ಅದನ್ನು ನಾನು ಚೆನ್ನಾಗಿ ಕಲಿತೆ.

ಈಗ ಬಂಟ್ವಾಳದ ಹತ್ತಿರ ನರಿಕೊಂಬಿನಲ್ಲಿ ಇದ್ದೇನೆ. ಐದು ಗಂಟೆಗೆ ಏಳುವುದು, ಐದೂವರೆಗೆ ಹೊಳೆಬದಿಯಲ್ಲಿ ನಡಿಗೆ, ಏಳಕ್ಕೆ ಗಂಜಿ, ಎಂಟಕ್ಕೆ ಪತ್ರಗಳು. ಪತ್ರ ಬರೆಯುವುದಕ್ಕೆ ಯಾರೂ ಇಲ್ಲದ ದಿನ ಹಳೆಯ ಕಡತಗಳ ಧೂಳು ಒರೆಸುತ್ತೇನೆ. ಎಂಟರಿಂದ ಒಂಬತ್ತರ ನಡುವೆ ನನಗೆ ಫೋನು ಮಾಡಬಾರದು ಎಂದು ನೆಂಟರಿಗೆಲ್ಲ ಗೊತ್ತು. ಆ ದಿನ ಎಂಟೂಕಾಲಕ್ಕೆ ಫೋನು ಮಾಡಿದ್ದು ನನ್ನ ಅಣ್ಣ.

"ಬೆಂಗಳೂರಿನಿಂದ ಬ್ರಿಟಿಷರ ಕಚೇರಿಯ ಕಾಗದ ಬಂದಿದೆ ಮಾರಾಯ್ತಿ. ನಮ್ಮ ಮಣಿ ಸಿಕ್ಕಿತಂತೆ!"

ಅಣ್ಣ ಬೆಳ್ತಂಗಡಿ ತಾಲೂಕಿನಲ್ಲಿ, ಕೊಕ್ಕಡದ ಕಡೆ ಇರುವ ನಮ್ಮ ತರವಾಡು ಮನೆಯ, ಎಂದರೆ ಕುಟುಂಬದ ಮೂಲಮನೆಯ, ಯಜಮಾನ. ಮಣಿಯೆಂದರೆ ದೈವದ ಮುಂದೆ ಆಡಿಸುವ ಕಂಚಿನ ಕೈಘಂಟೆ. ನಮ್ಮ ಮನೆಯ ಮಣಿಯನ್ನು ಬ್ರಿಟಿಷರ ಕಾಲದಲ್ಲಿ ಜಿಲ್ಲೆಯ ಒಬ್ಬ ಅಧಿಕಾರಿ ತೆಗೆದುಕೊಂಡು ಹೋದ ಎಂದು ಅಜ್ಜಿ ಹೇಳುತ್ತಿದ್ದರು. ಮಳೆಗಾಲದಲ್ಲಿ ಹೊಳೆ ಇಳಿಯುವ ತನಕ ಎಂಟು ದಿನ ನಮ್ಮ ಚಾವಡಿಯಲ್ಲಿ ಉಳಿದಿದ್ದನಂತೆ. ಅವನು ಹೋದ ಮೇಲೆ ನೋಡಿದರೆ ಮಣಿ ಇರಲಿಲ್ಲ.

ಬೇರೆ ಮಣಿ ಎರಕ ಹೊಯ್ಯಿಸಬಹುದಿತ್ತು. ಆಗಿನ ಹಿರಿಯರು ಹಾಗೆ ಮಾಡಲಿಲ್ಲ. ಹೋದದ್ದು ಬರುವ ತನಕ ಮನುಷ್ಯರ ಸ್ವರದಲ್ಲೇ ಕರೆಯುವ ಎಂದು ನಿಶ್ಚಯಿಸಿದರು. ವರ್ಷಕ್ಕೊಮ್ಮೆ ಮನೆಯ ದೈವಕ್ಕೆ ಎಡೆ ಬಡಿಸುವ ತಂಬಿಲದ ದಿನ, ನಮ್ಮ ಒಕ್ಕಲಿನ ಒಂದು ಮನೆಯ ಹಿರಿಯರು ಚಾವಡಿಯ ಮೇಲಿನ ಮೆಟ್ಟಿಲಲ್ಲಿ ನಿಂತು ತೆಂಕು ಗುಡ್ಡದ ಕಡೆ ಮುಖ ಮಾಡಿ ಮೂರು ಸಲ ಕೂಗಬೇಕು. ಮೂರನೆಯ ಕೂಗಿಗೆ ಮುಚ್ಚಿಟ್ಟ ಎಡೆ ತೆರೆಯುವುದು. ಅದಾದ ಕೂಡಲೇ ಮೊದಲ ವೀಳ್ಯ ಕೂಗಿದವರಿಗೆ, ಎರಡನೆಯದು ಯಜಮಾನನಿಗೆ. ಅವರ ಮನೆಗೆ ಕೂಗುವ ಮನೆ ಎಂದೇ ಹೆಸರಾಯಿತು. ಸುತ್ತಮುತ್ತ ಬೇರೆ ಯಾವ ಮನೆಯಲ್ಲೂ ಈ ಕ್ರಮ ಇಲ್ಲ.

ಉಳಿದ ಮುನ್ನೂರ ಅರವತ್ತನಾಲ್ಕು ದಿನ ಅವರು ಅಂಗಳದಲ್ಲಿ ನಿಂತು ಮಾತಾಡಿಸಿ ಹೋಗುವವರು. ಭೂಮಸೂದೆ ಬಂದು ಅವರ ಗದ್ದೆ ಅವರದೇ ಆದ ಮೇಲೂ ಚಾವಡಿಯ ಮೆಟ್ಟಿಲು ಅವರದಾಗಲಿಲ್ಲ. ಆ ಒಂದು ದಿನ ಮಾತ್ರ ಅದು ಅವರದು. ಈಗಿನ ಹಿರಿಯರಿಗೆ ಎಂಬತ್ತು ದಾಟಿದೆ. ನಾವು ಮಕ್ಕಳಾಗಿದ್ದಾಗ ಅವರನ್ನು ಹೆಸರು ಹಿಡಿದು ಕರೆಯುತ್ತಿದ್ದೆವು. ನಾನು ಈಗ 'ನೀವು' ಎನ್ನುತ್ತೇನೆ. ಅವರ ನಂತರ ಕೂಗಬೇಕಾದ ಅಳಿಯ, ಎಂದರೆ ಅವರ ತಂಗಿಯ ಮಗ, ದುಬೈಯಲ್ಲಿ ಕೆಲಸದಲ್ಲಿದ್ದಾನೆ. ಪ್ರತಿ ವರ್ಷ ತಂಬಿಲದ ದಿನ ನೋಡಿಕೊಂಡೇ ರಜೆ ಹಾಕುತ್ತಾನೆ.

ಇಷ್ಟೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ನಾನು ಮಾಡಿದ ತಪ್ಪನ್ನು ಮುಂದೆ ಹೇಳುತ್ತೇನೆ.

ಕಾಗದದ ವಿಷಯ ಇಷ್ಟು. ಇಂಗ್ಲೆಂಡಿನಲ್ಲಿ ಒಬ್ಬ ಹೆಂಗಸು, ನಿವೃತ್ತ ಗ್ರಂಥಪಾಲಕಿ, ತಾಯಿ ತೀರಿಕೊಂಡ ಮೇಲೆ ಅವರ ಮನೆ ಖಾಲಿ ಮಾಡುತ್ತಿದ್ದಾಗ ಮುತ್ತಜ್ಜನ ದಿನಚರಿ ಸಿಕ್ಕಿತು. ಅದರಲ್ಲಿ ನಮ್ಮ ಮನೆಯ ಹೆಸರು, ಹೊಳೆ, ಎಂಟು ದಿನದ ಮಳೆ ಎಲ್ಲ ಇತ್ತು. ಮಣಿಯ ಚಿತ್ರವೂ ಇತ್ತು, ಹಿಡಿಯ ತುದಿಯಲ್ಲಿ ಅಜ್ಜಿ ಹೇಳುತ್ತಿದ್ದ ಹೆಡೆ ಎತ್ತಿದ ಹಾವಿನ ಸಮೇತ. ಮಣಿ ಅವರ ಊಟದ ಕೋಣೆಯಲ್ಲೇ ಇತ್ತು. ಹಿಂದೆ ಕೊಡಬೇಕೆಂದು ಅವರು ತಮ್ಮ ಸರಕಾರದ ಬೆಂಗಳೂರು ಕಚೇರಿಗೆ ಬರೆದರು. ಅಲ್ಲಿಯ ಒಬ್ಬ ತರುಣ ಅಧಿಕಾರಿ ಅಂಚೆಯಲ್ಲಿ ಕಳಿಸುವುದಕ್ಕಿಂತ ತಾವೇ ತಂದು ಕೊಡುವುದು ಮರ್ಯಾದೆ ಎಂದು ತಂಬಿಲದ ದಿನವನ್ನೇ ಕೇಳಿದರು.

ಮೊದಲು ಒಂದು ಪದದ ಮೇಲೆ ಹದಿನೈದು ದಿನ ಹೋಯಿತು. ಹಸ್ತಾಂತರದ ಹಾಳೆಯ ಅವರ ಕರಡಿನಲ್ಲಿ ಮಣಿಯನ್ನು ಮುತ್ತಜ್ಜ 'ಕಾಣಿಕೆಯಾಗಿ ಪಡೆದರು' ಎಂದಿತ್ತು. ದಿನಚರಿಯಲ್ಲಿ ಹಾಗೆಯೇ ಇತ್ತಂತೆ. ಅಣ್ಣ ಕೆಂಡವಾದ.

"ಕಾಣಿಕೆಯಾ? ದೈವದ ಮಣಿ ಯಾರಾದರೂ ಕಾಣಿಕೆ ಕೊಡ್ತಾರಾ? ಕದ್ದದ್ದು ಅಂತ ಬರಿ."

"ಕದ್ದದ್ದು ಅಂತ ಬರೆದರೆ ಅವರು ರುಜು ಹಾಕುವುದಿಲ್ಲ."

"ಹಾಗಾದರೆ ನೀನು ಲಂಡನ್ನಿನಲ್ಲಿ ನಾಲ್ಕು ವರ್ಷ ಏನು ಕಲಿತದ್ದು?"

ಕಲಿತದ್ದನ್ನೇ ಮಾಡಿದೆ. 'ಈ ಮಣಿ ಆ ಮನೆಯಲ್ಲಿತ್ತು. ಈಗ ಈ ಮನೆಗೆ ಬಂದಿದೆ' ಎಂದು ಬರೆದು ಕಳಿಸಿದೆ. ಇಬ್ಬರೂ ಅದೇ ದಿನ ಒಪ್ಪಿದರು. ಎರಡು ಪ್ರತಿ ಮಾಡಿಸಿದೆ. ನಮ್ಮ ಪ್ರತಿಯಲ್ಲಿ ನಮ್ಮ ಹೆಸರು ಮೊದಲು, ಅವರ ಪ್ರತಿಯಲ್ಲಿ ಅವರದು ಮೊದಲು. ದೇಶದೇಶಗಳ ಒಪ್ಪಂದಗಳಲ್ಲಿ ಇರುವ ಕ್ರಮ ಅದು.

ಆಮೇಲೆ ಕಾರ್ಯಕ್ರಮ ಪಟ್ಟಿ ಮಾಡಿದೆ. ಒಂದೇ ಪುಟ, ಒಂಬತ್ತು ಸಾಲು, ಪ್ರತಿ ಸಾಲಿಗೂ ಸಮಯ. ಅತಿಥಿಗಳ ಆಗಮನ, ಬೆಲ್ಲ ನೀರು, ಹಾಳೆಗೆ ರುಜು, ಮಣಿಯ ಹಸ್ತಾಂತರ. ಐದನೆಯ ಸಾಲು ಹೀಗಿತ್ತು: 'ಹನ್ನೊಂದು ಮೂವತ್ತಕ್ಕೆ ಯಜಮಾನರು ಮಣಿ ಆಡಿಸಿ ದೈವವನ್ನು ಕರೆಯುವುದು.' ಅಧಿಕಾರಿ ಎರಡು ಗಂಟೆಗೆ ಮಂಗಳೂರಿನ ವಿಮಾನ ನಿಲ್ದಾಣದ ಕಡೆ ಹೊರಡಬೇಕಿತ್ತು, ಅದಕ್ಕೂ ಲೆಕ್ಕ ಹೊಂದಿಸಿದ್ದೆ. ಪಟ್ಟಿಯನ್ನು ಎಲ್ಲರಿಗೂ ವಾಟ್ಸಾಪಿನಲ್ಲಿ ಕಳಿಸಿದೆ. ಕೂಗುವ ಮನೆಗೆ ದುಬೈಯ ಅಳಿಯನ ನಂಬರಿಗೆ ಹೋಯಿತು. ಎರಡು ನೀಲಿ ಗೆರೆ ಬಂತು. ಆ ಕೆಲಸ ಮುಗಿಯಿತೆಂದು ಗುರುತು ಹಾಕಿಕೊಂಡೆ.

ತಂಬಿಲಕ್ಕೆ ನಾಲ್ಕು ದಿನ ಇರುವಾಗ ವ್ಯವಸ್ಥೆ ನೋಡಲು ತರವಾಡು ಮನೆಗೆ ಹೋದೆ. ಅಂಗಳಕ್ಕೆ ಚಪ್ಪರ ಬಿದ್ದಿತ್ತು. ಕುರ್ಚಿ ಬಂದಿದ್ದವು. ಚಾವಡಿಯ ಮೇಲಿನ ಮೆಟ್ಟಿಲು ಮಾತ್ರ ಕೆಸರು ಮೆತ್ತಿಕೊಂಡು ಹಾಗೆಯೇ ಇತ್ತು. ವಾರ ಮೊದಲೇ ಕೂಗುವವರು ಬಂದು ಅದನ್ನು ತಮ್ಮ ಕೈಯಿಂದಲೇ ತೊಳೆಯುತ್ತಾರೆ. ಬೇರೆಯವರು ತೊಳೆಯುವುದಿಲ್ಲ.

"ಅವರು ಬರಲಿಲ್ಲವಾ?" ಎಂದು ಅಣ್ಣನನ್ನು ಕೇಳಿದೆ.

"ಹೇಳಿಕೆ ಬರಲಿಲ್ಲ ಅಂದರಂತೆ. ಈ ವರ್ಷ ಮಣಿ ಉಂಟಲ್ಲ, ಅವರು ಬಂದು ಏನು ಮಾಡುವುದು?"

ಹೇಳಿಕೆ ಎಂದರೆ ಯಜಮಾನನ ಮನೆಯವರೊಬ್ಬರು ಕೂಗುವ ಮನೆಯ ಹೊಸ್ತಿಲಿಗೆ ನಡೆದು ಹೋಗಿ, ಐದು ವೀಳ್ಯದೆಲೆ, ಒಂದು ಅಡಿಕೆ ಕೈಯಲ್ಲಿ ಕೊಟ್ಟು ತಂಬಿಲಕ್ಕೆ ಕರೆಯುವುದು. ಪರದೇಶದ ರಾಯಭಾರಿಯನ್ನು ಯಾವ ಲಕೋಟೆಯಲ್ಲಿ ಕರೆಯಬೇಕು ಎಂದು ಕಿರಿಯರಿಗೆ ಪಾಠ ಹೇಳಿದವಳು ನಾನು. ಹೇಳಿಕೆಯನ್ನು ದುಬೈಗೆ ಫೋನಿನಲ್ಲಿ ಕಳಿಸಿದ್ದೆ. ಅದು ಒಂದು ತಪ್ಪು. ಐದನೆಯ ಸಾಲು ಎರಡನೆಯದು.

ಅಣ್ಣನ ವೀಳ್ಯದ ಬಟ್ಟಲಿನಿಂದ ಐದು ಎಲೆ, ಒಂದು ಅಡಿಕೆ ತೆಗೆದುಕೊಂಡು ಗದ್ದೆಯ ಹುಣಿಯ ಮೇಲೆ ನಡೆದೆ. ಕೂಗುವವರು ಜಗಲಿಯಲ್ಲಿ ಕುಳಿತು ಅಡಿಕೆ ಸೋಗೆಯ ಕಟ್ಟು ಬಿಚ್ಚುತ್ತಿದ್ದರು. ಎದ್ದು ನಿಂತರು. ಒಳಗಿನಿಂದ ಚೆಂಬಿನಲ್ಲಿ ನೀರು, ಬೆಲ್ಲದ ತುಂಡು ಬಂತು. ಅದು ಮುಗಿಯುವ ತನಕ ಬಂದ ಕೆಲಸ ಕೇಳುವ ಕ್ರಮ ಇಲ್ಲ. ಬೆಲ್ಲ ಕಚ್ಚಿ ನೀರು ಕುಡಿದು ಎಲೆ ಮುಂದೆ ಹಿಡಿದೆ.

"ಅಲ್ಲಿ ಇಡಿ ಸಣ್ಣಕ್ಕ," ಎಂದು ಜಗಲಿಯ ದಂಡೆ ತೋರಿಸಿದರು. ಕೈಗೆ ತೆಗೆದುಕೊಳ್ಳಲಿಲ್ಲ.

"ತಡವಾಯಿತು, ನನ್ನದೇ ತಪ್ಪು. ನೀವು ಬರಬೇಕು."

"ಬಂದು ಎಲ್ಲಿ ನಿಲ್ಲಬೇಕು? ಅಳಿಯ ಪಟ್ಟಿ ಓದಿ ಹೇಳಿದ. ಯಾವ ಸಾಲಿನಲ್ಲಿ ನಾನು ಇದ್ದೇನೆ?"

ಎಲೆ, ಅಡಿಕೆಯನ್ನು ದಂಡೆಯ ಮೇಲೆ ಇಟ್ಟೆ.

"ಮಣಿ ಬಂದದ್ದು ನನಗೂ ಸಂತೋಷವೇ," ಎಂದರು. "ಹೋದದ್ದು ಬರುವ ತನಕ ಅಂತಲೇ ನಮ್ಮವರಿಗೆ ಕೊಟ್ಟ ಮಾತು, ಅದು ನನಗೂ ಗೊತ್ತುಂಟು. ಆದರೆ ಒಂದು ಕೇಳ್ತೇನೆ, ಬೇಸರ ಮಾಡಬೇಡಿ. ಬಿಳಿಯವರು ನಿಮ್ಮಿಂದ ತೆಗೆದುಕೊಂಡರು. ನೀವು ಕಾಗದ ಬರೆದಿರಿ, ಅವರು ಬರೆದರು, ಈಗ ಕಾರಿನಲ್ಲಿ ತಂದು ಕೊಡ್ತಾರೆ. ಒಳ್ಳೆಯದು. ನೀವು ನನ್ನಿಂದ ತೆಗೆದುಕೊಂಡರೆ ನಾನು ಯಾವ ಕಚೇರಿಗೆ ಕಾಗದ ಬರೆಯಬೇಕು?"

"ತೆಗೆದುಕೊಳ್ಳುವುದು ಅಂತ ಅಲ್ಲ..."

"ಮತ್ತೆ ಏನು ಅಂತ ಬರೀತೀರಿ? ನಿಮಗೆ ಬರೆಯಲಿಕ್ಕೆ ಬರ್ತದಲ್ಲ."

ನಗುತ್ತಲೇ ಅಂದರು. ಎಲೆ ದಂಡೆಯ ಮೇಲೆಯೇ ಉಳಿಯಿತು. ಎದ್ದು ಬಂದೆ.

ಅಣ್ಣನಿಗೆ ಹೇಳಿದೆ. ಒಪ್ಪಲಿಲ್ಲ. ಮಣಿ ಬಂದೂ ಕೂಗಿಸಿದರೆ ಮಣಿಗೆ ಅವಮಾನ, ಬಂದವರಿಗೆ ಅವಮಾನ, ಎರಡೂ ಒಟ್ಟಿಗೆ ಮಾಡಿದರೆ ದೈವವನ್ನು ಎರಡು ಸಲ ಕರೆದಂತೆ ಎಂದ. ಅವನ ಮಾತಿನಲ್ಲೂ ಸುಳ್ಳಿರಲಿಲ್ಲ. ನಾಲ್ಕು ದಿನ ಐದನೆಯ ಸಾಲನ್ನು ನಾಲ್ಕು ರೀತಿ ಬರೆದು ನೋಡಿದೆ. ಕೂಗುವವರಿಗೆ ಶಾಲು ಹೊದಿಸುವುದು ಎಂದು ಒಮ್ಮೆ ಬರೆದೆ. ಓದಿ ನನಗೇ ನಾಚಿಕೆಯಾಯಿತು, ಹೊಡೆದು ಹಾಕಿದೆ. ಯಾರನ್ನಾದರೂ ಕೆಲಸದಿಂದ ಬಿಡಿಸುವಾಗ ಶಾಲು ಹೊದಿಸುತ್ತಾರೆ. ನನಗೂ ದಿಲ್ಲಿಯಲ್ಲಿ ಹೊದಿಸಿದ್ದರು.

ತಂಬಿಲದ ದಿನ ಅತಿಥಿಗಳು ಮೂಡಬಿದಿರೆಯಿಂದ ಬಂದರು. ಹಿಂದಿನ ದಿನ ಅಲ್ಲಿ ಉಳಿದು ಬಸದಿಯ ಕಂಬಗಳನ್ನು ನೋಡಿದ್ದರು. ಮಣಿಯ ಹಿಡಿ ಸ್ವಲ್ಪ ಸಡಿಲವಾಗಿತ್ತೆಂದು ಅಲ್ಲಿಯ ಒಬ್ಬ ಕಂಚುಗಾರರ ಕೈಯಲ್ಲಿ ಬಿಗಿ ಮಾಡಿಸಿಯೂ ತಂದಿದ್ದರು. ಇಂಗ್ಲಿಷ್ ಹೆಂಗಸು ನನ್ನ ವಯಸ್ಸಿನವರು, ಎತ್ತರ, ಕಾಲಿಗೆ ಗಟ್ಟಿ ಬೂಟು. ಬೆಲ್ಲ ಕೊಟ್ಟಾಗ ಅದನ್ನು ನೀರಿಗೆ ಹಾಕಿ ಚಮಚ ಎಲ್ಲಿ ಎಂದು ನೋಡಿದರು. ನಾನು ಕಚ್ಚಿ ತೋರಿಸಿದೆ. ಅವರೂ ಕಚ್ಚಿದರು. ಸಮಯ ಸರಿಯಾಗಿತ್ತು.

ರುಜು ಆಯಿತು. ಮಣಿಯನ್ನು ಬಿಳಿ ಬಟ್ಟೆಯಿಂದ ಬಿಚ್ಚಿ ಹಲಸಿನ ಮಣೆಯ ಮೇಲೆ ಇಟ್ಟರು. ಅಜ್ಜಿ ಹೇಳಿದ ಹಾವಿನ ಹೆಡೆ ಇತ್ತು. ಅಣ್ಣನ ಕಣ್ಣು ಒದ್ದೆಯಾಯಿತು, ಅದನ್ನು ಅವನು ಮರೆಮಾಡಲಿಲ್ಲ.

ಆಗ ಕೂಗುವವರು ಅಂಗಳಕ್ಕೆ ಬಂದರು. ಒಗೆದ ಬಿಳಿ ಅಂಗಿ, ಕುತ್ತಿಗೆಯ ತನಕ ಗುಂಡಿ. ಹಿಂದೆ ದುಬೈಯ ಅಳಿಯ. ಚಪ್ಪರದ ಕಂಬದ ಹತ್ತಿರ, ಮೆಟ್ಟಿಲಿನಿಂದ ದೂರ ನಿಂತರು. ಹನ್ನೊಂದು ಮೂವತ್ತಕ್ಕೆ ಅಣ್ಣ ಮಣಿಗೆ ಕೈ ಹಾಕಿದ.

"ಧನಿಗಳೇ, ಒಂದು ನಿಮಿಷ," ಎಂದರು ಕೂಗುವವರು. ಮತ್ತೆ ನನ್ನ ಕಡೆ ತಿರುಗಿ ತುಳುವಿನಲ್ಲಿ ಹೇಳಿದರು, "ಸಣ್ಣಕ್ಕ, ಆ ಅಮ್ಮನ ಹತ್ತಿರ ಒಂದು ಕೇಳಿ. ನಮ್ಮ ದೈವದ ಮಣಿ ಇಷ್ಟು ವರ್ಷ ಅವರ ಮನೆಯಲ್ಲಿ ಇತ್ತಲ್ಲ, ಅಷ್ಟು ವರ್ಷ ಅದರಲ್ಲಿ ಯಾರನ್ನು ಕರೆದರು? ನಾವು ಇಲ್ಲಿ ಗಂಟಲು ಹರಿದುಕೊಂಡು ಕೂಗುವಾಗ ಅಲ್ಲಿ ಅದಕ್ಕೆ ಏನು ಕೆಲಸ ಇತ್ತು?"

ಅಣ್ಣ ನನ್ನನ್ನು ನೋಡಿ ಸಣ್ಣಗೆ ತಲೆ ಅಲ್ಲಾಡಿಸಿದ, ಬೇಡ ಎಂದು. ಅಧಿಕಾರಿ ಮುಗುಳ್ನಗುತ್ತಾ ಅನುವಾದಕ್ಕೆ ಕಾಯುತ್ತಿದ್ದರು. ನನ್ನ ಬಾಯಲ್ಲಿ ಒಂದು ವಾಕ್ಯ ತಯಾರಾಗಿಯೇ ಇತ್ತು: ಹಿರಿಯರು ನಿಮ್ಮನ್ನು ಸ್ವಾಗತಿಸುತ್ತಾರೆ, ಮಣಿಯ ಬಗ್ಗೆ ತಿಳಿಯಲು ಇಚ್ಛಿಸುತ್ತಾರೆ. ಮೂವತ್ತು ವರ್ಷದ ಅಭ್ಯಾಸ. ಆದರೆ ಜಗಲಿಯ ದಂಡೆಯಲ್ಲಿ ಉಳಿದ ಎಲೆ ನೆನಪಾಯಿತು. ಅವರ ಸಾಲನ್ನು ಒಮ್ಮೆ ಬಿಟ್ಟಾಗಿತ್ತು. ಅವರ ಮಾತನ್ನೂ ಬಿಡುವುದು ನನ್ನಿಂದ ಆಗಲಿಲ್ಲ. ಗಂಟಲು ಹರಿದುಕೊಂಡದ್ದನ್ನೂ ಸೇರಿಸಿ, ಅಂದದ್ದನ್ನು ಅಂದ ಹಾಗೆಯೇ ಇಂಗ್ಲಿಷಿನಲ್ಲಿ ಹೇಳಿದೆ.

ಅಧಿಕಾರಿಯ ನಗು ನಿಂತಿತು. ಹೆಂಗಸು ಬೇಸರಿಸಿದಂತೆ ಕಾಣಲಿಲ್ಲ. ಲೈಬ್ರರಿಯಲ್ಲಿ ಯಾರೋ ಪುಸ್ತಕ ಕೇಳಿದಾಗ ಯೋಚಿಸುವಂತೆ ಯೋಚಿಸಿದರು. ಅದು ಊಟದ ಕೋಣೆಯ ಕಪಾಟಿನ ಮೇಲೆ ಇರುತ್ತಿತ್ತು ಎಂದರು. ಭಾನುವಾರ ಮಧ್ಯಾಹ್ನ ಅಜ್ಜಿ, ಆಮೇಲೆ ಅಮ್ಮ, ಹಿತ್ತಿಲ ಬಾಗಿಲಲ್ಲಿ ನಿಂತು ಆಡಿಸುತ್ತಿದ್ದರು. ತೋಟದಲ್ಲಿ ಇದ್ದವರೆಲ್ಲ ಓಡಿ ಬಂದು ಕೈ ತೊಳೆಯಬೇಕು. ತಡವಾಗಿ ಬಂದವರಿಗೆ ಆಲೂಗಡ್ಡೆ ಉಳಿಯುತ್ತಿರಲಿಲ್ಲ. ಅದು ದೇವರ ವಸ್ತು ಎಂದು ನಮಗೆ ಗೊತ್ತಿರಲಿಲ್ಲ, ಅದಕ್ಕಾಗಿ ಕ್ಷಮೆ ಕೇಳುತ್ತೇನೆ ಎಂದು ಕೂಗುವವರನ್ನೇ ನೋಡಿ ಹೇಳಿದರು.

ಇದನ್ನೂ ಪೂರ್ತಿಯಾಗಿ ತುಳುವಿನಲ್ಲಿ ಹೇಳಿದೆ, ಆಲೂಗಡ್ಡೆ ಸಮೇತ.

ಕೂಗುವವರು ಮಣಿಯ ಕಡೆ ನೋಡಿದರು. ಮತ್ತೆ ಹೊಟ್ಟೆ ಕುಲುಕುವಂತೆ ನಕ್ಕರು.

"ಊಟಕ್ಕೆ ಕರೀತಿತ್ತಾ! ಅಯ್ಯೋ ಪಾಪ. ಅಷ್ಟು ವರ್ಷ ಊಟಕ್ಕೆ ಕರೆದು ಅಭ್ಯಾಸ ಆದ ಮಣಿ ಈಗ ದೈವವನ್ನು ಕರೆದರೆ, ದೈವ ಕೈ ತೊಳೆದುಕೊಂಡು ಬಂದೀತು ಮಾರಾಯ್ರೇ!"

ಮೊದಲು ಹೆಂಗಸರ ಕಡೆಯಿಂದ, ಆಮೇಲೆ ಇಡೀ ಚಪ್ಪರದಿಂದ ನಗು ಬಂತು. ಅಳಿಯ ಮುಖಕ್ಕೆ ಕರ್ಚೀಫು ಒತ್ತಿಕೊಂಡ. ನಗು ಇಳಿದ ಮೇಲೆ ಕೂಗುವವರು ಅಣ್ಣನ ಕಡೆ ನೋಡಿ ಮೆಲ್ಲಗೆ ಹೇಳಿದರು.

"ಧನಿಗಳೇ, ನಾನು ತಮಾಷೆಗೆ ಮಾತ್ರ ಹೇಳಿದ್ದಲ್ಲ. ಅದು ಅಲ್ಲಿ ಒಂದು ಕೆಲಸ ಕಲಿತು ಬಂದಿದೆ. ನಾವು ಇಲ್ಲಿ ಒಂದು ಕೆಲಸ ಕಲಿತಿದ್ದೇವೆ. ಇಲ್ಲಿಯೂ ಜನರನ್ನು ಊಟಕ್ಕೆ ಕರೆಯಲಿಕ್ಕೆ ಉಂಟಲ್ಲ? ಅದನ್ನು ಮಣಿ ಮಾಡಲಿ. ಮತ್ತೊಂದನ್ನು ನಮಗೆ ಬಿಡಿ."

ಅಣ್ಣ ಮಣಿಯ ಮೇಲಿನ ಕೈ ತೆಗೆಯಲಿಲ್ಲ. "ಪಟ್ಟಿಯಲ್ಲಿ ಹಾಗೆ ಇಲ್ಲ," ಎಂದು ನನ್ನನ್ನು ನೋಡಿದ.

ಅಂಗಿಯ ಜೇಬಿಗೆ ಪೆನ್ಸಿಲು ಸಿಕ್ಕಿಸಿಕೊಳ್ಳುವುದು ಅಣ್ಣನ ಅಭ್ಯಾಸ. ನನ್ನದು ಸೀರೆಯ ಸೆರಗಿನ ಪಿನ್ನಿಗೆ. ತೆಗೆದು ಐದನೆಯ ಸಾಲಿಗೆ ಗೆರೆ ಎಳೆದೆ. 'ಕೂಗುವ ಮನೆಯವರು ದೈವವನ್ನು ಕರೆಯುವುದು' ಎಂದು ಮೇಲೆ ಬರೆದೆ. ಎಂಟನೆಯ ಸಾಲಿನಲ್ಲಿ 'ಊಟ' ಎಂದಿದ್ದ ಕಡೆ 'ಮಣಿ ಆಡಿಸಿ ಊಟಕ್ಕೆ ಕರೆಯುವುದು' ಎಂದು ತಿದ್ದಿ ಪಟ್ಟಿಯನ್ನು ಅಣ್ಣನ ಮುಂದೆ ಹಿಡಿದೆ.

"ಈಗ ಉಂಟು," ಎಂದೆ.

ಅಣ್ಣ ಎರಡು ಸಲ ಓದಿದ. ಅವನಿಗೆ ಪೂರ್ತಿ ಒಪ್ಪಿಗೆಯಾಗಿತ್ತು ಎಂದು ಹೇಳಲಾರೆ. ಆದರೆ ಮಣಿಯನ್ನು ಮಣೆ ಸಮೇತ ಎತ್ತಿ ಚಾವಡಿಯ ಬದಿಗೆ ಇಟ್ಟು, ಮೆಟ್ಟಿಲು ಬಿಟ್ಟು ನಿಂತ. ಕೂಗುವವರು ಕೂಡಲೇ ಹತ್ತಲಿಲ್ಲ. ಮೆಟ್ಟಿಲು ನೋಡಿ ಅಳಿಯನಿಗೆ ಏನೋ ಹೇಳಿದರು. ಅವನು ಬಾವಿಕಟ್ಟೆಯಿಂದ ಕೊಡಪಾನದಲ್ಲಿ ನೀರು ತಂದ. ಪರದೇಶದ ಅತಿಥಿಗಳು, ಇಡೀ ಊರು ಕಾದು ನಿಂತಿರುವಾಗ ಎಂಬತ್ತು ದಾಟಿದ ಆ ಮನುಷ್ಯ ಕುಕ್ಕರಗಾಲಲ್ಲಿ ಕುಳಿತು ಮೆಟ್ಟಿಲನ್ನು ಮೂಲೆಮೂಲೆಯೂ ಉಜ್ಜಿ ತೊಳೆದರು. ಹದಿಮೂರು ನಿಮಿಷ ಹಿಡಿಯಿತು. ನಾನು ಗಡಿಯಾರ ನೋಡಿದೆ.

ಆಮೇಲೆ ಅವರು ಒದ್ದೆ ಮೆಟ್ಟಿಲಲ್ಲಿ ನಿಂತು ಮೂರು ಸಲ ಕೂಗಿದರು. ಮೂರನೆಯದಕ್ಕೆ ಸ್ವರ ಸ್ವಲ್ಪ ಒಡೆಯಿತು. ಅಣ್ಣ ಎಡೆ ತೆರೆದ. ಮೊದಲ ವೀಳ್ಯವನ್ನು ಅಣ್ಣನೇ ಕೊಟ್ಟ, ಅವರು ಎರಡೂ ಕೈ ಒಡ್ಡಿ ತೆಗೆದುಕೊಂಡರು.

ಒಂದು ಗಂಟೆಗೆ ಮಣಿ ಆಡಿಸಬೇಕಾಯಿತು. ಹೇಗೆ ಆಡಿಸುವುದೆಂದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಇಂಗ್ಲಿಷ್ ಹೆಂಗಸನ್ನೇ ಕೇಳಿದೆವು. ಅವರು ಅಮ್ಮ ಆಡಿಸುತ್ತಿದ್ದ ಹಾಗೆ, ಎರಡು ಚಿಕ್ಕದು, ಒಂದು ಉದ್ದದ್ದು, ಆಡಿಸಿ ತೋರಿಸಿ ಮಣಿಯನ್ನು ಅತ್ತಿಗೆಯ ಕೈಗೆ ಕೊಟ್ಟರು. ಅತ್ತಿಗೆ ಹಾಗೆಯೇ ಆಡಿಸಿದರು. ಜನ ಎದ್ದು ಕೈ ತೊಳೆಯಲು ಹೋದರು. ಕುಚ್ಚಲಕ್ಕಿ ಅನ್ನ, ಕೋಳಿ ಸುಕ್ಕ. ಅಧಿಕಾರಿ ಎರಡು ಸಲ ಹಾಕಿಸಿಕೊಂಡರು. ಎರಡು ಗಂಟೆಗೆ ಹೊರಡಬೇಕಾದವರು ಎರಡೂಕಾಲಕ್ಕೆ ಹೊರಟರು. ವಿಮಾನ ತಪ್ಪಲಿಲ್ಲ ಎಂದು ಸಂಜೆ ತಿಳಿಸಿದರು.

ಹತ್ತು ದಿನದ ಮೇಲೆ ಅಧಿಕಾರಿ ಒಂದು ವರದಿಯ ಕರಡು ಕಳಿಸಿದರು. ಅದರಲ್ಲಿ, ಬಹು ಕಾಲದ ನಂತರ ಮಣಿ ಮತ್ತೆ ದೈವವನ್ನು ಕರೆಯಿತು ಎಂದಿತ್ತು. ಓದಲಿಕ್ಕೆ ಚಂದ ಇತ್ತು, ಆದರೆ ನಡೆದದ್ದು ಅದಲ್ಲ. ದೈವವನ್ನು ಕರೆಯುವವರು ಕೂಗುವ ಮನೆಯ ಹಿರಿಯರು, ಮಣಿ ಆಡಿಸುವುದು ಊಟಕ್ಕೆ ಎಂದು ಎರಡು ಸಾಲಿನ ತಿದ್ದುಪಡಿ ಬರೆದೆ. ಅವರು ಹಾಗೆಯೇ ತಿದ್ದಿದರು.

ಮರುವರ್ಷ ತಂಬಿಲಕ್ಕೆ ಹದಿನೈದು ದಿನ ಮೊದಲು ಐದು ಎಲೆ, ಒಂದು ಅಡಿಕೆ ಹಿಡಿದು ಹುಣಿಯ ಮೇಲೆ ನಡೆದೆ. ಬೆಲ್ಲ ಕಚ್ಚಿ ನೀರು ಕುಡಿದೆ. ಎಲೆಯನ್ನು ಕೂಗುವವರು ಕೈಯಲ್ಲೇ ತೆಗೆದುಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡರು.

"ಪಟ್ಟಿ ತಂದಿದ್ದೀರಾ ಸಣ್ಣಕ್ಕ?"

"ತಂದಿದ್ದೇನೆ."

"ಓದಿ."

ಓದಿದೆ. ಅವರು ಕಣ್ಣು ಮುಚ್ಚಿ ಕೇಳಿದರು. ತಮ್ಮ ಸಾಲು ಬಂದಾಗ ತಲೆದೂಗಿದರು. ಊಟದ ಸಾಲಿಗೆ ಬಂದಾಗ ತಡೆದರು.

"ಮಣಿ ಒಂದು ಗಂಟೆಗಾ? ಅದನ್ನು ಹನ್ನೆರಡೂವರೆ ಮಾಡಿ. ಕೂಗಿದ ಮೇಲೆ ನನಗೆ ಹಸಿವಾಗ್ತದೆ."

ಪಿನ್ನಿನಿಂದ ಪೆನ್ಸಿಲು ತೆಗೆದು ತಿದ್ದಿದೆ.